ಖಾರ ತಡೆಯದ ಬಾಯಿಗೆ ಬಿ-ಕಾಂಪ್ಲೆಕ್ಸ್ ಮದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ಪ್ರತಿ ವರ್ಷ ವಿಶ್ವ ತಂಬಾಕು ರಹಿತ ದಿನವಾದ ಮೇ 31 ಬಂತೆಂದರೆ ಕನ್ನಡ ಪತ್ರಿಕೆಗಳು ತಂಬಾಕಿನ ಕುರಿತು ಬರೆಯುತ್ತವೆ. ಬರಹದ ನಡುವೆ ಮುರಿದ ಸಿಗರೇಟಿನ ಚಿತ್ರ, ಪಕ್ಕದಲ್ಲಿ ಕಪ್ಪುಗಟ್ಟಿದ ಶ್ವಾಸಕೋಶ. ನಮ್ಮ ರಾಜ್ಯದ ಲೆಕ್ಕವೇ ಬೇರೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8; ಜಗಿಯುವ, ಸಂದಿಗೆ ಇಡುವ, ಹಲ್ಲಿಗೆ ತಿಕ್ಕುವ ಹೊಗೆರಹಿತ ತಂಬಾಕಿನವರು ಶೇ 16.3. ಹೆಚ್ಚುಕಡಿಮೆ ಎರಡು ಪಟ್ಟು. ಈ ಎರಡು ಪಟ್ಟು ಜನರ ಬಾಯೊಳಗೆ ಏನಾಗುತ್ತದೆ, ಅದರಲ್ಲೂ ಅಡಿಕೆ, ಗುಟ್ಕಾ ತಿನ್ನುವವರ ಗಲ್ಲ ಬಿಗಿದು ಬಾಯಿ ತೆರೆಯಲಾಗದಂತೆ ಹೇಗಾಗುತ್ತದೆ ಎನ್ನುವುದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಕಡಿಮೆ. ಅದಕ್ಕಾಗಿ ಈ ದೀರ್ಘ ಪತ್ರ.

ಪೊಟ್ಟಣದ ಮೇಲಿನ ಚಿತ್ರವೂ ಸೇರಿದಂತೆ ಎಲ್ಲರೂ ಕ್ಯಾನ್ಸರನ್ನಷ್ಟೇ ತೋರಿಸುತ್ತಾರೆ. ಗಲ್ಲ ಕೊಳೆತ ಆ ಚಿತ್ರ ನೋಡಿದ ಹುಡುಗ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ನನಗೇನೂ ಆಗಿಲ್ಲವಲ್ಲ ಎಂದು ಇನ್ನೊಂದು ಪೊಟ್ಟಣ ಹರಿಯುತ್ತಾನೆ. ಆದರೆ ಮೊದಲ ಪೊಟ್ಟಣಕ್ಕೂ ಕ್ಯಾನ್ಸರಿಗೂ ನಡುವೆ ವರ್ಷಗಳ ಅಂತರ ಇರುತ್ತದೆ. ಆ ವರ್ಷಗಳಲ್ಲಿ ಬಾಯಿಯ ಒಳಪೊರೆ ಹಂತಹಂತವಾಗಿ ಕೆಡುತ್ತಾ ಹೋಗುತ್ತದೆ, ಕೆಡುವುದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಹಿಡಿಯಬೇಕಾದದ್ದು ಆಗ.

ಎಡ ಅಂಗೈಯಲ್ಲಿ ಒಂದು ಚಿಟಿಕೆ ತಂಬಾಕು, ಅದರ ಮೇಲೆ ಉಗುರಿನ ತುದಿಯಷ್ಟು ಸುಣ್ಣ. ಬಲಗೈ ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸಿ, ಕೆಳತುಟಿ ಎಳೆದು ಸಂದಿಗೆ ಇಟ್ಟರೆ ಮುಗಿಯಿತು. ಸುಣ್ಣ ಹಾಕುವುದು ರುಚಿಗೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ನಿಕೋಟಿನ್‌ಗೆ ಬಾಗಿಲು ತೆರೆಯುವ ಕೆಲಸ ಮಾಡುತ್ತದೆ. ಎಲೆಯೊಳಗಿನ ನಿಕೋಟಿನ್ ಆಮ್ಲಗಳೊಂದಿಗೆ ಸೇರಿ ಲವಣದ ರೂಪದಲ್ಲಿ ಇರುತ್ತದೆ, ಆ ರೂಪದಲ್ಲಿ ಅದು ಬಾಯಿಯ ಪೊರೆಯನ್ನು ಸುಲಭವಾಗಿ ದಾಟದು. ಸುಣ್ಣದ ಕ್ಷಾರ ತಾಗಿದೊಡನೆ ನಿಕೋಟಿನ್ ಬಿಡುಗಡೆಯಾಗಿ ಕೆಲವೇ ನಿಮಿಷಗಳಲ್ಲಿ ರಕ್ತ ಸೇರುತ್ತದೆ. ಎದೆನೋವು ಬಂದವರಿಗೆ ಸಾರ್ಬಿಟ್ರೇಟ್ ಗುಳಿಗೆಯನ್ನು ನಾಲಿಗೆಯಡಿ ಇಡಿಸುವುದೂ ಇದೇ ಕಾರಣಕ್ಕೆ. ಆ ಜಾಗದ ಪೊರೆ ಬಲು ತೆಳು, ಅದರ ಅಡಿಯಲ್ಲೇ ರಕ್ತನಾಳಗಳು. ಜೀವ ಉಳಿಸುವ ಗುಳಿಗೆ ಹೋಗುವ ದಾರಿಯಲ್ಲೇ ನೈಟ್ರೋಸಮೈನ್‌ಗಳೂ ಹೋಗುತ್ತವೆ. ಎಲೆಯನ್ನು ಹದಗೊಳಿಸಿ ಹುಳಿಬರಿಸುವಾಗ ಹುಟ್ಟುವ ಈ ರಾಸಾಯನಿಕಗಳು ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ಸಾಲದ್ದಕ್ಕೆ, ಸುಣ್ಣ ತಾನೇ ಪೊರೆಯ ಮೇಲ್ಪದರವನ್ನು ಸುಡುತ್ತದೆ. ಸುಟ್ಟ ಜಾಗದಲ್ಲಿ ವಿಷ ಇನ್ನಷ್ಟು ಬೇಗ ಇಳಿಯುತ್ತದೆ.

ಮೊದಲು ಕಾಣುವ ಬದಲಾವಣೆ ತಂಬಾಕು ಇಡುವ ಜಾಗದಲ್ಲೇ. ಗುದ್ದಲಿ ಹಿಡಿಯುವ ಅಂಗೈ ದಡ್ಡುಗಟ್ಟುವಂತೆ, ಸದಾ ಉರಿ ತಾಗುವ ಪೊರೆ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ. ನಸುಗೆಂಪಾಗಿ ಒದ್ದೆಯಾಗಿ ಹೊಳೆಯಬೇಕಾದ ಜಾಗ ಬೂದುಬಿಳುಪಾಗಿ, ನೀರಲ್ಲಿ ಬಹಳ ಹೊತ್ತು ನೆನೆದ ಬೆರಳತುದಿಯ ಹಾಗೆ ಸುಕ್ಕುಸುಕ್ಕಾಗುತ್ತದೆ. ನೋವಿಲ್ಲ, ಉರಿಯಿಲ್ಲ, ಹಾಗಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಹಂತದಲ್ಲಿ ತಂಬಾಕು ಬಿಟ್ಟರೆ ಸಾಮಾನ್ಯವಾಗಿ ಎರಡರಿಂದ ಆರು ವಾರಗಳಲ್ಲಿ ಪೊರೆ ಮೊದಲಿನಂತಾಗುತ್ತದೆ. ಇದನ್ನು ನಾವು ಒತ್ತಿ ಹೇಳುತ್ತೇವೆ, ಏಕೆಂದರೆ ಮುಂದಿನ ಹಂತಗಳಲ್ಲಿ ಈ ಮಾತು ಹೇಳಲು ಬರುವುದಿಲ್ಲ. ಬಿಟ್ಟು ಆರು ವಾರವಾದರೂ ಬಿಳುಪು ಹೋಗದಿದ್ದರೆ, ಹತ್ತಿಬಟ್ಟೆಯಿಂದ ಒರೆಸಿದರೂ ಕೀಳದಿದ್ದರೆ, ಅದು ಲ್ಯೂಕೋಪ್ಲೇಕಿಯಾ, ಅಂದರೆ ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಬಿಳಿ ಮಚ್ಚೆ ಇರಬಹುದು. ತುಣುಕು ತೆಗೆದು ಪರೀಕ್ಷಿಸಲೇಬೇಕು. ಬಿಳುಪಿನ ನಡುವೆ ಕೆಂಪು ಚುಕ್ಕೆಗಳಿದ್ದರೆ ಅಪಾಯ ಹೆಚ್ಚು. ಬರೀ ಕೆಂಪು, ಮಖಮಲ್ಲಿನಂಥ ಮಚ್ಚೆಯಾದರೆ ಇನ್ನೂ ಹೆಚ್ಚು. ಬಿಳಿ ಮಚ್ಚೆಗೆ ಹೆದರಿ ಬರುವವರು ಕೆಂಪನ್ನು ಹುಣ್ಣು ಮಾಗುತ್ತಿದೆ ಎಂದುಕೊಂಡು ಸುಮ್ಮನಿದ್ದುಬಿಡುತ್ತಾರೆ.

ಅದೇ ಜಾಗದ ವಸಡು ಕೆಳಗಿಳಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಇಳಿದ ವಸಡು ತಾನಾಗಿ ಮತ್ತೆ ಏರುವುದಿಲ್ಲ. ತಂಬಾಕಿನಲ್ಲಿರುವ ಮಣ್ಣು-ಮರಳು ಹಲ್ಲಿನ ತುದಿಯನ್ನು ಸವೆಸುತ್ತದೆ. ಹಲ್ಲುನೋವಿಗೆ ತಂಬಾಕು ಒತ್ತರಿಸಿಕೊಂಡರೆ ಮರಗಟ್ಟಿ ಹಿತವೆನಿಸುತ್ತದೆ, ಒಳಗಿನ ಕೀವು ಮಾತ್ರ ಇದ್ದಂತೆಯೇ ಇರುತ್ತದೆ.

ಇಷ್ಟು ಬರೀ ತಂಬಾಕಿನ ಮಾತು. ತಂಬಾಕು ಇರಲಿ ಇಲ್ಲದಿರಲಿ, ಬಾಯಿಗೆ ಅಡಿಕೆ ಬಿದ್ದಾಗ ಬೇರೆಯೇ ಒಂದು ರೋಗ ಶುರುವಾಗುತ್ತದೆ, ಈ ಪತ್ರದ ಮುಖ್ಯ ವಿಷಯ ಅದು. ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಎಲ್ಲರೂ ಬಳಸುವ ಹೆಸರೇ ಇಲ್ಲ. ನಾವು ರೋಗಿಗಳಿಗೆ 'ಬಾಯಿ ನಾರುಗಟ್ಟುವುದು' ಎಂದು ಹೇಳುತ್ತೇವೆ, ತಕ್ಷಣ ಅರ್ಥವಾಗುತ್ತದೆ. 1952ರಲ್ಲಿ ಕೀನ್ಯಾದಲ್ಲಿದ್ದ ಐವರು ಭಾರತೀಯ ಮೂಲದ ಮಹಿಳೆಯರಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಮರುವರ್ಷವೇ ಮುಂಬೈಯಿಂದ ವರದಿಯಾಯಿತು. ಆಗ ಅಪರೂಪವಾಗಿದ್ದ ಈ ರೋಗ ಪೊಟ್ಟಣದ ಗುಟ್ಕಾ ಬಂದ ಮೇಲೆ ಕಾಲೇಜು ಹುಡುಗರ ರೋಗವಾಯಿತು.

ಒಳಗೆ ನಡೆಯುವುದು ಇಷ್ಟು. ಗಲ್ಲದ ಪೊರೆಯಡಿ ಕೊಲಾಜೆನ್ ಎಂಬ ನಾರುಗಳಿವೆ. ದೇಹ ಅವನ್ನು ಹೊಸದಾಗಿ ನೇಯುತ್ತಲೇ ಇರುತ್ತದೆ, ಹಳೆಯದನ್ನು ಕರಗಿಸುತ್ತಲೇ ಇರುತ್ತದೆ. ಈ ಸಮತೋಲ ಇರುವುದರಿಂದಲೇ ಗಲ್ಲ ರಬ್ಬರಿನಂತೆ ಹಿಗ್ಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ನಾರು ನೇಯುವ ಜೀವಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯ ತಾಮ್ರದ ಅಂಶವು ನಾರುಗಳನ್ನು ಒಂದಕ್ಕೊಂದು ಹೊಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಇನ್ನು ಅಡಿಕೆಯ ಒಗರು, ಅಂದರೆ ಟ್ಯಾನಿನ್. ತೊಗಲು ಹದ ಮಾಡುವವರು ಮರದ ತೊಗಟೆಯ ಒಗರಿನಲ್ಲಿ ಚರ್ಮ ನೆನೆಸುವುದು ಅದು ಕೊಳೆಯದೆ ಗಟ್ಟಿಯಾಗಿ ಉಳಿಯಲಿ ಎಂದು. ಬಾಯೊಳಗೂ ಒಗರು ಅದನ್ನೇ ಮಾಡುತ್ತದೆ: ಹಳೆಯ ನಾರು ಕರಗದಂತೆ ತಡೆಯುತ್ತದೆ. ನೇಯುವುದು ಹೆಚ್ಚಿತು, ಕರಗುವುದು ನಿಂತಿತು, ಇದ್ದದ್ದು ಬಿಗಿದುಕೊಂಡಿತು. ನಾರು ಒತ್ತಿದಂತೆ ರಕ್ತನಾಳಗಳು ಕಿರಿದಾಗಿ ಪೊರೆಗೆ ರಕ್ತ ಸಾಲದೆ ಅದು ತೆಳುವಾಗಿ ಬಿಳಿಚಿಕೊಳ್ಳುತ್ತದೆ.

ತೆಳುವಾದ ಪೊರೆಗೆ ಖಾರ ತಡೆಯುವುದಿಲ್ಲ. ರೋಗದ ಮೊದಲ ಮಾತು ಇದೇ. ನಿನ್ನೆಯವರೆಗೆ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದವನು ಸಪ್ಪೆ ಸಾರು ಕೇಳುತ್ತಾನೆ, ಬಿಸಿ ಚಹಾ ಆರಿಸಿ ಕುಡಿಯುತ್ತಾನೆ. ಆಗಾಗ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ. ಮನೆಯವರು ಉಷ್ಣ ಎಂದು ತುಪ್ಪ ಸವರುತ್ತಾರೆ. ಔಷಧಿ ಅಂಗಡಿಯಲ್ಲಿ ಬಿ-ಕಾಂಪ್ಲೆಕ್ಸ್ ಕೊಡುತ್ತಾರೆ. ಗುಳ್ಳೆ ತಾನಾಗಿಯೇ ಕೆಲವು ದಿನಕ್ಕೆ ಇಳಿಯುವುದರಿಂದ ಗುಳಿಗೆ ಕೆಲಸ ಮಾಡಿತು ಎನಿಸುತ್ತದೆ. ಮುಂದಿನ ತಿಂಗಳು ಮತ್ತೆ ಉರಿ, ಮತ್ತೆ ಗುಳಿಗೆ. ಹೀಗೆ ಒಂದೆರಡು ವರ್ಷ ಕಳೆದಿರುತ್ತದೆ. ಜೀವಸತ್ವದ ಕೊರತೆಯಿಂದಲೂ ಬಾಯಿ ಉರಿಯುತ್ತದೆ ಎನ್ನುವುದು ನಿಜ, ಆದರೆ ಗುಳಿಗೆ ಕೊಡುವ ಮುನ್ನ 'ಅಡಿಕೆ, ಗುಟ್ಕಾ, ಪಾನ್ ಮಸಾಲಾ ಏನಾದರೂ ತಿನ್ನುತ್ತೀರಾ' ಎಂದು ಕೇಳಿ, ಟಾರ್ಚ್ ಹಾಕಿ ಗಲ್ಲ ನೋಡಲು ಅರ್ಧ ನಿಮಿಷ ಸಾಕು. ಔಷಧಿ ಅಂಗಡಿಯವರಿಗೂ ಊರಿನ ಎಲ್ಲ ವೈದ್ಯರಿಗೂ ನಮ್ಮ ಮನವಿ ಇದೊಂದೇ.

ಬೆಳಕು ಹಾಕಿ ನೋಡಿದರೆ ಗಲ್ಲದ ಒಳಮೈ ಅಮೃತಶಿಲೆಯಂತೆ ಬಿಳಿಚಿ ಕಾಣುತ್ತದೆ. ತೋರುಬೆರಳನ್ನು ಒಳಗೂ ಹೆಬ್ಬೆರಳನ್ನು ಹೊರಗೂ ಇಟ್ಟು ಗಲ್ಲವನ್ನು ಮೆಲ್ಲಗೆ ಹಿಡಿದು ಹಿಂದಕ್ಕೆ ಸರಿಸಿದರೆ ಮೇಲಿಂದ ಕೆಳಕ್ಕೆ ಬಿಗಿದ ಹುರಿಗಳು ಬೆರಳಿಗೆ ತಾಕುತ್ತವೆ, ತಂಬೂರಿಯ ತಂತಿ ಬಟ್ಟೆಯಡಿ ಸಿಕ್ಕಂತೆ. ಅಂಗುಳದ ಹಿಂಭಾಗ ಗಟ್ಟಿಯಾಗಿ, ಕಿರುನಾಲಿಗೆ ಒಣಗಿದ ಮೊಗ್ಗಿನಂತೆ ಮುದುಡಿರುತ್ತದೆ. ಗಲ್ಲ ಉಬ್ಬಿಸಲು ಬಾರದು, ಸಿಳ್ಳೆ ಹಾಕಲು ಬಾರದು, ನಾಲಿಗೆ ಹೊರಗೆ ಚಾಚದು. ಅಂಗುಳದ ಸ್ನಾಯುಗಳು ಬಿಗಿದಾಗ ಕಿವಿಯ ಒಳನಾಳ ಸರಿಯಾಗಿ ತೆರೆಯದೆ ಕಿವಿ ಮಂದವಾಗುವುದೂ ಉಂಟು.

ಬಾಯಿ ಎಷ್ಟು ತೆರೆಯುತ್ತದೆ ಎಂದು ಮನೆಯಲ್ಲೇ ಅಳೆಯಬಹುದು. ತೋರು, ನಡು, ಉಂಗುರ ಬೆರಳುಗಳನ್ನು ಜೋಡಿಸಿ ನೆಟ್ಟಗೆ ಹಿಡಿದು ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ನಿಮ್ಮವೇ ಮೂರು ಬೆರಳು ಹಿಡಿಸಬೇಕು. ಎರಡೇ ಹಿಡಿಸಿದರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಒಂದೇ ಆದರೆ ರೋಗ ಬಹಳ ಮುಂದುವರಿದಿದೆ. ಸ್ಕೇಲಿನಲ್ಲಿ ಅಳೆದರೆ ವಯಸ್ಕರಿಗೆ 35 ಮಿಲಿಮೀಟರಿಗಿಂತ ಕಡಿಮೆ ಇರುವುದು ಸಹಜವಲ್ಲ. 20ಕ್ಕಿಂತ ಕಡಿಮೆಯಾದವರಿಗೆ ಅನ್ನದ ತುತ್ತು ಕಷ್ಟ, ಹುಳುಕು ಹಲ್ಲು ಕೀಳಲು ನಮ್ಮ ಉಪಕರಣ ಒಳಹೋಗುವುದು ಕಷ್ಟ. ಯಾರೂ ಯೋಚಿಸದ ಇನ್ನೊಂದು ಅಪಾಯವಿದೆ: ಅಪಘಾತವಾಗಿ ತುರ್ತು ಶಸ್ತ್ರಚಿಕಿತ್ಸೆ ಬೇಕಾದಾಗ, ಅರಿವಳಿಕೆ ವೈದ್ಯರು ಉಸಿರಾಟದ ಕೊಳವೆಯನ್ನು ಬಾಯಿಯ ಮೂಲಕ ಇಳಿಸಲಾಗದೆ ಪರದಾಡಬೇಕಾಗುತ್ತದೆ. ಬುದ್ಧಿಹಲ್ಲು ಬರುವಾಗಲೂ ಬಾಯಿ ಬಿಗಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಅದು ಒಂದೇ ಬದಿ, ನೋವು-ಬಾವಿನೊಂದಿಗೆ, ಎರಡು-ಮೂರು ದಿನದಲ್ಲಿ ಬರುತ್ತದೆ. ನಾರುಗಟ್ಟುವುದು ನೋವಿಲ್ಲದೆ, ಸಾಮಾನ್ಯವಾಗಿ ಎರಡೂ ಬದಿ, ತಿಂಗಳುಗಟ್ಟಲೆ ನಿಧಾನವಾಗಿ.

ಪೊಟ್ಟಣದ ವೇಗದ ಬಗ್ಗೆ ಒಂದು ಮಾತು. 1996ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನದಲ್ಲಿ ಎಲೆ-ಅಡಿಕೆ ಹಾಕುವವರಿಗೆ ಈ ರೋಗ ಬರಲು ಸರಾಸರಿ ಎಂಟು ವರ್ಷಕ್ಕೂ ಹೆಚ್ಚು ಹಿಡಿದಿದ್ದರೆ, ಪಾನ್ ಮಸಾಲಾ ಮತ್ತು ಗುಟ್ಕಾ ತಿನ್ನುವವರಿಗೆ ಮೂರು ವರ್ಷವೂ ಬೇಕಾಗಿರಲಿಲ್ಲ. ಕಾರಣ ಊಹಿಸಲು ಕಷ್ಟವಿಲ್ಲ. ಕವಳದಲ್ಲಿ ಹಸಿ ಎಲೆಯೇ ಹೆಚ್ಚು, ಎಲೆಯ ರಸದಲ್ಲಿ ಪೊರೆ ಕಾಯುವ ಗುಣವೂ ಇದೆ. ಪೊಟ್ಟಣದಲ್ಲಿ ನೀರಿನಂಶವಿಲ್ಲದ ಒಣ ಅಡಿಕೆ ಚೂರೇ ಬಹುಪಾಲು, ಅದರ ಮೊನೆಗಳು ಪೊರೆಯನ್ನು ಗೀರುತ್ತವೆ. ಎಲೆ ಹಾಕುವವರು ಊಟವಾದ ಮೇಲೆ ಹಾಕಿ ಎದ್ದಾರು. ಪೊಟ್ಟಣವನ್ನು ಬೈಕಿನ ಮೇಲೆ, ಹೊಲದಲ್ಲಿ, ರಾತ್ರಿ ಪಾಳಿಯಲ್ಲಿ ಹತ್ತು-ಹದಿನೈದು ಸಲ ಹರಿಯುತ್ತಾರೆ.

ಅಡಿಕೆಯ ವಿಷಯ ಎತ್ತಿದರೆ ಮಲೆನಾಡು, ಕರಾವಳಿಯ ಬೆಳೆಗಾರರಿಗೆ ನೋವಾಗುತ್ತದೆಂದು ಬಲ್ಲೆವು. ಲಕ್ಷಾಂತರ ಕುಟುಂಬಗಳ ಅನ್ನ ಅದು. ಮಂಗಳಕಾರ್ಯದ ತಾಂಬೂಲದ ಮೇಲೆ ನಮ್ಮ ತಕರಾರಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಇಲ್ಲದಿದ್ದರೂ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಮೊದಲ ಗುಂಪಿಗೆ ಸೇರಿಸಿದೆ. ಗಲ್ಲ ನಾರುಗಟ್ಟಿಸುವ ಮುಖ್ಯ ವಸ್ತು ಅಡಿಕೆಯೇ, ತಂಬಾಕು ಸೇರಿದರೆ ಕ್ಯಾನ್ಸರಿನ ಅಪಾಯ ಏರುತ್ತದೆ. ಇದನ್ನು ಮರೆಮಾಚಿ 'ತಂಬಾಕು ರಹಿತ' ಎಂದು ದಪ್ಪಕ್ಷರದಲ್ಲಿ ಬರೆದ ಪಾನ್ ಮಸಾಲಾವನ್ನು ನಿರಪಾಯ ಎಂದು ನಂಬಿಸುವುದು ರೋಗಿಗಳಿಗೆ ಮಾಡುವ ದ್ರೋಹ. ಗುಟ್ಕಾ ಬಿಟ್ಟೆ, ಈಗ ಬರೀ ಮಸಾಲಾ ತಿನ್ನುತ್ತೇನೆ ಎಂದು ಹೆಮ್ಮೆಯಿಂದ ಹೇಳುವವರ ಬಾಯಿ ಮುಚ್ಚುತ್ತಲೇ ಹೋಗುತ್ತದೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂದಿನಿಂದ ಅಂಗಡಿಯಲ್ಲಿ ಮಸಾಲಾ ಒಂದು ಪೊಟ್ಟಣ, ಜರ್ದಾ ಎಂಬ ತಂಬಾಕು ಇನ್ನೊಂದು ಪೊಟ್ಟಣ, ಎರಡೂ ಒಟ್ಟಿಗೆ ತೂಗುಬಿದ್ದಿರುತ್ತವೆ. ಎರಡನ್ನೂ ಒಂದೇ ಬಾಯಿಗೆ ಸುರಿದುಕೊಂಡರೆ ಅದೇ ಗುಟ್ಕಾ.

ಹೆಂಗಸರ ಲೆಕ್ಕ ಇದರಲ್ಲೆಲ್ಲ ತಪ್ಪಿಹೋಗುತ್ತದೆ. ತಂಬಾಕು ತಿನ್ನುತ್ತೀರಾ ಎಂದರೆ ಇಲ್ಲ ಎನ್ನುತ್ತಾರೆ, ಸುಳ್ಳು ಹೇಳುತ್ತಿರುವುದಿಲ್ಲ. ಹಲ್ಲಿಗೆ ಏನು ತಿಕ್ಕುತ್ತೀರಿ ಎಂದು ಕೇಳಿದರೆ ಮಿಶ್ರಿ, ನಶ್ಯ ಎಂಬ ಉತ್ತರ ಬರುತ್ತದೆ. ಮಹಾರಾಷ್ಟ್ರದ ಗಡಿಗೆ ತಾಗಿದ ಊರುಗಳಲ್ಲಿ ಹಂಚಿನ ಮೇಲೆ ತಂಬಾಕು ಕಪ್ಪಗೆ ಹುರಿದು ಪುಡಿಮಾಡಿ ಹಲ್ಲು ತಿಕ್ಕುವ ರೂಢಿ ಇದೆ. ತಿಕ್ಕಿ ಉಗುಳುವುದಷ್ಟೇ ಅಲ್ಲ, ದಿನಕ್ಕೆ ನಾಲ್ಕೈದು ಸಲ ವಸಡಿಗೆ ಸವರಿ ಹಾಗೇ ಬಿಡುತ್ತಾರೆ ಎಂದರೆ ಅದು ಹಲ್ಲುಪುಡಿಯಾಗಿ ಉಳಿಯಲಿಲ್ಲ. ನಿಜವಾಗಿ ನೋಡಿದರೆ ಉಗುಳಿದರೂ ಸರಿಯಲ್ಲ. ಟೂತ್‌ಪೇಸ್ಟ್, ಹಲ್ಲುಪುಡಿಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದಾಗ ಕೇಳುವ ಪ್ರಶ್ನೆಯಲ್ಲಿ 'ತಿಕ್ಕುವುದು' ಎಂಬ ಒಂದು ಪದ ಸೇರಿಸಿದರೆ ಎಷ್ಟೋ ಬಾಯಿಗಳು ಬೆಳಕಿಗೆ ಬರುತ್ತವೆ.

ಇನ್ನು ಚಿಕಿತ್ಸೆ. ಬಿಳುಪು ಸುಕ್ಕು ಹೋದಂತೆ ನಾರು ಹೋಗುವುದಿಲ್ಲ. ಒಮ್ಮೆ ಬಿಗಿದ ಹುರಿ ಚಟ ಬಿಟ್ಟರೂ ಬಹುಮಟ್ಟಿಗೆ ಉಳಿಯುತ್ತದೆ. ಬಿಟ್ಟರೆ ಮುಂದೆ ಬಿಗಿಯುವುದು ತಗ್ಗುತ್ತದೆ, ಉರಿ ಇಳಿಯುತ್ತದೆ. ಆಮೇಲೆ ಗಲ್ಲದೊಳಗೆ ಹಯಲ್ಯುರೊನಿಡೇಸ್ ಎಂಬ ಕಿಣ್ವ ಮತ್ತು ಸ್ಟೀರಾಯ್ಡ್ ಚುಚ್ಚುಮದ್ದನ್ನು ವಾರಕ್ಕೊಂದು-ಎರಡು ಸಲದಂತೆ ಹಲವು ವಾರ ಕೊಡುತ್ತೇವೆ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಬೇಕು, ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ. ರಕ್ತಹೀನತೆ ಇದ್ದರೆ ಅದನ್ನೂ ಸರಿಪಡಿಸಬೇಕು. ಜೊತೆಗೆ ಬಾಯಿ ತೆರೆಯುವ ವ್ಯಾಯಾಮ, ಇದಕ್ಕೆ ಐಸ್‌ಕ್ರೀಂ ಕಡ್ಡಿ ಸಾಕು. ಒಂದು ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ. ಉಗುರುಬೆಚ್ಚಗಿನ ನೀರು ಮುಕ್ಕಳಿಸಿ, ಸಲೀಸಾಗಿ ಹಿಡಿಸುವಷ್ಟು ಕಡ್ಡಿಗಳನ್ನು ಒಟ್ಟಿ ಒಂದು ಬದಿಯ ಹಿಂದಿನ ಹಲ್ಲುಗಳ ನಡುವೆ ಇಟ್ಟು, ಒಟ್ಟಿನ ನಡುವೆ ಇನ್ನೊಂದು ಕಡ್ಡಿಯನ್ನು ಮೆಲ್ಲಗೆ ತೂರಿಸಿ, ಕೆಲವು ನಿಮಿಷ ಹಾಗೇ ಇರಬೇಕು. ಆಮೇಲೆ ಇನ್ನೊಂದು ಬದಿ. ದಿನಕ್ಕೆ ನಾಲ್ಕೈದು ಸಲ. ಮುಂಬಲ್ಲಿನ ಮೇಲೆ ಭಾರ ಹಾಕಿದರೆ ಹಲ್ಲು ಅಲ್ಲಾಡುತ್ತದೆ. ಆತುರಪಟ್ಟು ಒಂದೇ ದಿನ ಮೂರು-ನಾಲ್ಕು ಕಡ್ಡಿ ಏರಿಸಿದರೆ ಪೊರೆ ಹರಿಯುತ್ತದೆ, ಹರಿದದ್ದು ಮಾಗುವಾಗ ಮತ್ತಷ್ಟು ನಾರು ಕಟ್ಟುತ್ತದೆ. ಹುರಿ ಕತ್ತರಿಸಿ ಗಲ್ಲದ ಕೊಬ್ಬನ್ನೋ ಮೂಗಿನ ಪಕ್ಕದ ಚರ್ಮವನ್ನೋ ಅಲ್ಲಿಗೆ ಹೊದಿಸುವ ಶಸ್ತ್ರಚಿಕಿತ್ಸೆ ಕೊನೆಯ ದಾರಿ. ಅದಾದ ಮೇಲೂ ತಿಂಗಳುಗಟ್ಟಲೆ ಇದೇ ವ್ಯಾಯಾಮ ಮಾಡದಿದ್ದರೆ ತೆರೆದ ಬಾಯಿ ಮತ್ತೆ ಮುಚ್ಚುತ್ತದೆ.

ಚಟ ಬಿಡುವಾಗ ಮೊದಲ ಎರಡು-ಮೂರು ದಿನ ಸಿಡುಕು, ತಲೆನೋವು, ನಿದ್ದೆಗೇಡು ಜಾಸ್ತಿ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಬೇಕೆನಿಸುವ ಒಂದೊಂದು ಸೆಳೆತ ಐದು-ಹತ್ತು ನಿಮಿಷ ಇರುತ್ತದೆ, ಆ ಹೊತ್ತು ದಾಟಿಸಬೇಕು. ನಿಕೋಟಿನ್ ಗಮ್ ಬಳಸುವವರು ಅದನ್ನು ಬಬಲ್‌ಗಮ್‌ನಂತೆ ಜಗಿದು ರಸ ನುಂಗುತ್ತಾರೆ, ಹೊಟ್ಟೆ ತೊಳಸುತ್ತದೆ, ಎರಡನೇ ದಿನಕ್ಕೆ ಬಿಸಾಡುತ್ತಾರೆ. ಕೆಲವು ಸಲ ಜಗಿದು, ನಾಲಿಗೆಗೆ ಚುರುಕೆನ್ನುತ್ತಲೇ ನಿಲ್ಲಿಸಿ ಗಲ್ಲದಲ್ಲಿ ಇಡಬೇಕು. ಚುರುಕು ಹೋದ ಮೇಲೆ ಮತ್ತೆ ಜಗಿಯಬೇಕು. ಮುಂಚಿನ 15 ನಿಮಿಷ ಚಹಾ, ಕಾಫಿ, ಹುಳಿ ಪಾನೀಯ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಹೀರುವುದಿಲ್ಲ. ಬಾಯಿ ಆಗಲೇ ಬಿಗಿದವರಿಗೆ ಗಮ್‌ಗಿಂತ ಚರ್ಮಕ್ಕೆ ಅಂಟಿಸುವ ಪಟ್ಟಿ ಒಳ್ಳೆಯದು, ಅದನ್ನು ವೈದ್ಯರನ್ನು ಕೇಳಿ ಬಳಸಿ. ಬದಲಿಗೆ ಬಾಯಾಡಿಸಲು ಸೋಂಪು, ಏಲಕ್ಕಿ ಆಗಬಹುದು. ಉರಿ ಇರುವವರಿಗೆ ಲವಂಗ ಬೇಡ. ರಾಷ್ಟ್ರೀಯ ಸಹಾಯವಾಣಿ 1800-11-2356 ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ, ಕರೆ ಉಚಿತ.

ಕ್ಯಾನ್ಸರಿನ ಮಾತು ಕೊನೆಗೆ ಬಂದಿದೆ, ಹಗುರವೆಂದಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ನಾರುಗಟ್ಟಿದ ಬಾಯಿಯ 66 ಮಂದಿಯನ್ನು 17 ವರ್ಷ ಹಿಂಬಾಲಿಸಿದಾಗ ಶೇ 7.6ರಷ್ಟು ಮಂದಿಗೆ ಕ್ಯಾನ್ಸರ್ ಆಯಿತು. ಆದ್ದರಿಂದ ಚಟ ಬಿಟ್ಟವರೂ ಆರು ತಿಂಗಳಿಗೊಮ್ಮೆ ಬಾಯಿ ತೋರಿಸುತ್ತಿರಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಅದರ ಅಂಚು ಗಟ್ಟಿಯಾಗಿರುವುದು, ಕಾರಣವಿಲ್ಲದೆ ಹಲ್ಲು ಅಲ್ಲಾಡುವುದು, ಕೆಳತುಟಿ ಮರಗಟ್ಟುವುದು, ಕತ್ತಿನಲ್ಲಿ ಗಂಟು, ಇವುಗಳಲ್ಲಿ ಒಂದಿದ್ದರೂ ಬಯಾಪ್ಸಿ ಬೇಕು. ಮರಗಟ್ಟಿಸಿ ಕೆಲವು ಮಿಲಿಮೀಟರಿನ ತುಣುಕು ತೆಗೆಯುವುದು ಅಷ್ಟೇ. 'ಕತ್ತಿ ತಾಗಿದರೆ ಹರಡುತ್ತದೆ' ಎಂಬ ಮಾತು ನಂಬಿ ಹಿಂದೆ ಸರಿದವರಲ್ಲಿ ರೋಗ ಹರಡುವುದು ಕತ್ತಿಯಿಂದಲ್ಲ, ಕಳೆದ ತಿಂಗಳುಗಳಿಂದ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗಲು ಬಸ್ಸಿನ ಖರ್ಚಿಗೆ ಹೆದರುವವರು ಮೊದಲು ಹತ್ತಿರದ ದಂತ ಕಾಲೇಜಿಗೆ ಬರಲಿ, ಬಾಯಿ ನೋಡಿ ತುಣುಕು ತೆಗೆಯುವ ಕೆಲಸ ಅಲ್ಲೇ ಆಗುತ್ತದೆ.

ಸಂಪಾದಕರೇ, ತಮ್ಮಲ್ಲಿ ಒಂದು ಕೋರಿಕೆ. ಮುಂದಿನ ಮೇ 31ಕ್ಕೆ ಸಿಗರೇಟಿನ ಚಿತ್ರದ ಜಾಗದಲ್ಲಿ ಸರಿಯಾಗಿ 35 ಮಿಲಿಮೀಟರ್ ಉದ್ದದ ಒಂದು ನೆಟ್ಟನೆಯ ಕಪ್ಪು ಗೆರೆ ಅಚ್ಚು ಹಾಕಿ. ಪಕ್ಕದಲ್ಲಿ ಹೀಗೆ ಬರೆಯಿರಿ: 'ಗುಟ್ಕಾ, ಮಸಾಲಾ, ಅಡಿಕೆ ತಿನ್ನುವವರು ಈ ಗೆರೆಯಷ್ಟು ಕಾಗದದ ಪಟ್ಟಿ ಕತ್ತರಿಸಿ, ಕನ್ನಡಿ ಮುಂದೆ ಬಾಯಿ ಪೂರ್ತಿ ತೆರೆದು, ಮುಂಬಲ್ಲುಗಳ ನಡುವೆ ಹಿಡಿದು ನೋಡಿ. ಪಟ್ಟಿ ಮಡಚಿಕೊಂಡರೆ ಈ ವಾರವೇ ದಂತವೈದ್ಯರನ್ನು ಕಾಣಿ.' ಅಚ್ಚಿನಲ್ಲಿ ಅಳತೆ ಹೆಚ್ಚುಕಡಿಮೆ ಆಗದಂತೆ ನೋಡಿಕೊಳ್ಳಬೇಕು, ಐದು ಮಿಲಿಮೀಟರ್ ತಪ್ಪಿದರೂ ಅರ್ಥ ಕೆಡುತ್ತದೆ. ಬೇಕಿದ್ದರೆ ಅಚ್ಚಿಗೆ ಹೋಗುವ ಮುನ್ನ ಪ್ರೂಫ್ ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆದು ಕೊಡಲು ನಾವು ಬರುತ್ತೇವೆ.

ಇತಿ,
ಬಾಯಿಯ ರೋಗಗಳ ತಪಾಸಣೆಯಲ್ಲಿ ತೊಡಗಿರುವ ದಂತವೈದ್ಯರು,
ಧಾರವಾಡ